1950ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಟ್ರ್ಯಾಕಿನಲ್ಲಿ ಓಡುತ್ತಿದ್ದ ರೇಸ್ ಕಾರುಗಳಲ್ಲಿ ಎಂಜಿನ್ ನಡುವೆ ಇರದೆ ಎಡಕ್ಕೆ ಇದ್ದದ್ದು ಯಾಕೆ?

ಆ ಟ್ರ್ಯಾಕಿನಲ್ಲಿ ಇರುವುದೆಲ್ಲ ಎಡ ತಿರುವು, ಅದಕ್ಕೆ. ಒಂದು ಸುತ್ತಿಗೆ ನಾಲ್ಕು, 500 ಮೈಲಿಯ ರೇಸಿಗೆ 200 ಸುತ್ತು. ಅಂದರೆ 800 ಸಲ ಎಡಕ್ಕೇ ತಿರುಗಬೇಕು, ಬಲಕ್ಕೆ ಒಂದೂ ಇಲ್ಲ.

ಕಾರು ವೇಗವಾಗಿ ಎಡಕ್ಕೆ ತಿರುಗಿದಾಗ ಭಾರ ಬಲಗಡೆಯ ಟೈರುಗಳ ಮೇಲೆ ಬೀಳುತ್ತದೆ. ಬಸ್ಸು ತಿರುಗುವಾಗ ನಾವು ಹೊರಗಡೆಗೆ ವಾಲುತ್ತೇವಲ್ಲ, ಹಾಗೇ. ಆದರೆ ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಹಾಗಾಗಿ ಮೊದಲೇ ಎಡಗಡೆ ಭಾರ ಜಾಸ್ತಿ ಇಟ್ಟರೆ, ತಿರುವಿನಲ್ಲಿ ನಾಲ್ಕೂ ಟೈರುಗಳು ಕೆಲಸ ಹಂಚಿಕೊಳ್ಳುತ್ತವೆ. ತಿರುವಿನಲ್ಲಿ ವೇಗ ಉಳಿಯುತ್ತದೆ.

ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ಫ್ರಾಂಕ್ ಕರ್ಟಿಸ್. 1952ರಲ್ಲಿ ಅವರು ಕಟ್ಟಿದ ಕಾರಿನಲ್ಲಿ ಆಫೆನ್‌ಹೌಸರ್ ಎಂಜಿನ್ನು ವಾಲಿಕೊಂಡು ಕೂತಿತ್ತು. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಎಡಕ್ಕೆ ಸರಿದಿತ್ತು. ಇದರಿಂದ ಇನ್ನೊಂದು ಲಾಭ: ಚಾಲಕ ಶಾಫ್ಟಿನ ಮೇಲೆ ಕೂರದೆ ಅದರ ಪಕ್ಕ, ಇನ್ನೂ ತಗ್ಗಿನಲ್ಲಿ ಕೂತ. ಕಾರು ತಗ್ಗಿದಷ್ಟೂ ವಾಲುವುದು ಕಡಿಮೆ, ಅಲ್ವಾ? ಆ ವರ್ಷದ ರೇಸಿನಲ್ಲಿ ಚಾಲಕ ಬಿಲ್ ವುಕೊವಿಚ್ ಆ ಕಾರಿನಲ್ಲಿ ಮುಂದಿದ್ದಾಗಲೇ, ಕೊನೆಗೆ ಕೆಲವೇ ಸುತ್ತು ಉಳಿದಿರುವಾಗ ಸ್ಟೀರಿಂಗ್ ಕೈಕೊಟ್ಟಿತು. 1953 ಮತ್ತು 1954ರಲ್ಲಿ ಅವರೇ ಗೆದ್ದರು.

ಕಾರು ಕಟ್ಟುವ ಇನ್ನೊಬ್ಬರು, ಜಾರ್ಜ್ ಸಾಲಿಹ್, ಇನ್ನೂ ಮುಂದೆ ಹೋದರು. ಎಂಜಿನ್ನನ್ನು ಹೆಚ್ಚುಕಡಿಮೆ ಪೂರ್ತಿ ಮಲಗಿಸಿಯೇ ಬಿಟ್ಟರು. ನನ್ನ ಮಟ್ಟಿಗೆ ಆ ಕಾಲದ ಅತಿ ಚಂದದ ಕಾರು ಅದೇ. 1957ರಲ್ಲಿ ಸ್ಯಾಮ್ ಹ್ಯಾಂಕ್ಸ್, 1958ರಲ್ಲಿ ಜಿಮ್ಮಿ ಬ್ರಯಾನ್ ಅದೇ ಕಾರಿನಲ್ಲಿ ಗೆದ್ದರು.