ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಮುದಿ ನಾಯಿಯ ಕೀಲುನೋವು

ಪ್ರಶ್ನೆ: ನಮ್ಮ ಗಂಡು ಲ್ಯಾಬ್ರಡಾರ್‌ಗೆ ಈಗ 10 ವರ್ಷ, ತೂಕ 41 ಕಿಲೋ. ಎರಡು ತಿಂಗಳಿಂದ ಬೆಳಿಗ್ಗೆ ಏಳಲು ಒದ್ದಾಡುತ್ತಾನೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತಾನೆ. ಮಹಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಾನೆ. ಆದರೆ ಒಮ್ಮೆಯೂ ಕುಂಯ್‌ಗುಟ್ಟಿಲ್ಲವಾದ್ದರಿಂದ ಇದು ನೋವೋ, ಬರೀ ವಯಸ್ಸೋ ತಿಳಿಯುತ್ತಿಲ್ಲ. ನನ್ನ ತಾಯಿಯ ಮಂಡಿನೋವಿಗೆ ತಂದ ಡೈಕ್ಲೋಫೆನಾಕ್ ಮಾತ್ರೆಯಲ್ಲಿ ಅರ್ಧ ಕೊಡಬಹುದೇ? – ಶಿವಮೊಗ್ಗದ ಓದುಗರು

ಉತ್ತರ: ಕೊಡಬೇಡಿ, ಅರ್ಧವೂ ಬೇಡ, ಕಾಲೂ ಬೇಡ. ಡೈಕ್ಲೋಫೆನಾಕ್ ಮತ್ತು ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಎಬ್ಬಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಕುತ್ತು. ಈಗಾಗಲೇ ಕೊಟ್ಟಿದ್ದರೆ ವಾಂತಿ ಕಾಣಿಸಿಕೊಳ್ಳಲೆಂದು ಕಾಯದೆ ಇಂದೇ ವೈದ್ಯರಿಗೆ ತೋರಿಸಿ. ಅಂದಹಾಗೆ, ಡೈಕ್ಲೋಫೆನಾಕ್ ಕೊಟ್ಟ ದನಗಳ ಕಳೇಬರ ತಿಂದು ರಣಹದ್ದುಗಳು ಸಾಯುತ್ತವೆಂದು ಗೊತ್ತಾದ ಮೇಲೆ 2006ರಲ್ಲೇ ನಮ್ಮ ದೇಶದಲ್ಲಿ ಜಾನುವಾರು ಚಿಕಿತ್ಸೆಗೆ ಅದನ್ನು ನಿಷೇಧಿಸಲಾಯಿತು.

ನೀವು ಬರೆದಿರುವುದು ನೋವಿನ ಲಕ್ಷಣವೇ. ದೀರ್ಘಕಾಲದ ಕೀಲುನೋವಿಗೆ ನಾಯಿ ಕೂಗುವುದು ಅಪರೂಪ; ಅದು ತನ್ನ ದಿನಚರಿಯಿಂದ ಒಂದೊಂದೇ ಕೆಲಸವನ್ನು ಕೈಬಿಡುತ್ತ ಬರುತ್ತದೆ. ಅವನ ಹಿಂಗಾಲಿನ ಉಗುರುಗಳ ಮುಂಭಾಗ ಸವೆದಿದೆಯೇ, ತೊಡೆಯ ಮಾಂಸಖಂಡ ಇಳಿದಿದೆಯೇ, ಕೂರುವಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುತ್ತಾನೆಯೇ, ಒಂದೇ ಕೀಲನ್ನು ಪದೇ ಪದೇ ನೆಕ್ಕುತ್ತಾನೆಯೇ ಎಂದು ಗಮನಿಸಿ. ಬೆಳಿಗ್ಗೆ ಏಳುವ ಆ ಗಳಿಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗಿ. ಏಕೆಂದರೆ ಆಸ್ಪತ್ರೆಯ ಬಾಗಿಲಿಗೆ ಬಂದೊಡನೆ ಗಾಬರಿಯಲ್ಲಿ ಕುಂಟುವುದನ್ನೇ ಮರೆತು ನೆಟ್ಟಗೆ ನಡೆಯುವ ನಾಯಿಗಳನ್ನು ನಾನು ದಿನವೂ ನೋಡುತ್ತೇನೆ.

ಈಗ ತೂಕದ ಮಾತು, ಇದನ್ನು ಮಾತ್ರೆಗಿಂತ ಮೊದಲು ಹೇಳಬೇಕು. ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕಿಲೋ ಇರಬೇಕು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳಲ್ಲಿ ಸಂಧಿವಾತವೂ ತಡವಾಗಿ ಕಾಣಿಸಿಕೊಂಡಿತು. ಈಗಾಗಲೇ ಕುಂಟುತ್ತಿರುವ ದಪ್ಪ ನಾಯಿಯ ತೂಕ ಶೇ 6ರಷ್ಟು ಇಳಿದರೂ ನಡಿಗೆಯಲ್ಲಿ ವ್ಯತ್ಯಾಸ ಕಾಣುತ್ತದೆ. ನಿಮ್ಮವನ ಲೆಕ್ಕದಲ್ಲಿ ಅದು ಎರಡೂವರೆ ಕಿಲೋ. ವಾರಕ್ಕೆ 400 ಗ್ರಾಂ ಇಳಿಸಿದರೆ ಸಾಕು. ಊಟದ ತಟ್ಟೆಯನ್ನು ಅಳೆದು ಕೊಡುವ ಮನೆಯವರೂ ಕಾಫಿಯ ಹೊತ್ತಿನ ಬಿಸ್ಕತ್ತು, ಇಡ್ಲಿಯ ತುಂಡು, ಅಜ್ಜಿ ಗುಟ್ಟಾಗಿ ಹಾಕುವ ತುಪ್ಪದನ್ನ ಇವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣದಿದ್ದರೂ ಒತ್ತದೆ ಸವರಿದರೆ ಬೆರಳಿಗೆ ಸಿಗಬೇಕು.

ನುಣುಪಾದ ಟೈಲ್ಸ್ ನೆಲ ಇಂಥ ನಾಯಿಗೆ ಮಂಜುಗಡ್ಡೆಯಿದ್ದಂತೆ. ಅವನು ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ ಜಾರದ ಚಾಪೆ ಹಾಸಿ, ಉಗುರು ಕತ್ತರಿಸಿ, ಪಾದದಡಿಯ ಕೂದಲನ್ನೂ ಕತ್ತರಿಸಿ. ಮಲಗಲು ಬರಿ ನೆಲದ ಬದಲು ದಪ್ಪ ಹಾಸಿಗೆಯಿರಲಿ. ಭಾನುವಾರ ಮಾತ್ರ ಒಂದು ಗಂಟೆ ಓಡಾಡಿಸುವ ಬದಲು ದಿನವೂ ಹತ್ತು ಹದಿನೈದು ನಿಮಿಷದಂತೆ ಮೂರು ಸಲ ಸಮತಟ್ಟಾದ ಜಾಗದಲ್ಲಿ ನಡೆಸಿ. ಚೆಂಡು ಎಸೆದು ಹಿಡಿಸುವ ಆಟ ಇನ್ನು ಬೇಡ.

ಪ್ರಶ್ನೆ: ವೈದ್ಯರು ಕೊಟ್ಟ ಮೆಲಾಕ್ಸಿಕಾಮ್ ಎಂಬ ನೋವುನಿವಾರಕ ದ್ರಾವಣದಿಂದ ನಮ್ಮ ನಾಯಿ ಚೇತರಿಸಿಕೊಂಡಿತು. ನಿಲ್ಲಿಸಿದ ವಾರದಲ್ಲೇ ಮತ್ತೆ ಕುಂಟತೊಡಗಿದೆ. ತಿಂಗಳುಗಟ್ಟಲೆ ಕೊಡಬಹುದೇ? – ಧಾರವಾಡದ ಓದುಗರು

ಉತ್ತರ: ವೈದ್ಯರ ನಿಗಾದಲ್ಲಿ ಕೊಡಬಹುದು. ಕೀಲಿನಲ್ಲಿ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಔಷಧ ನಿಂತಾಗ ನೋವು ಮರಳುವುದು ಸಹಜ. ಮೊದಲ ದಿನ ಕಿಲೋಗೆ 0.2 ಮಿ.ಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1 ಮಿ.ಗ್ರಾಂ, ಅದೂ ಊಟದ ಜೊತೆಗೆ, ಎಂಬುದು ರೂಢಿಯ ಪ್ರಮಾಣ. ನೋವು ಹಿಡಿತಕ್ಕೆ ಬಂದಂತೆ ವೈದ್ಯರು ಅದನ್ನು ಇನ್ನೂ ಇಳಿಸುತ್ತಾರೆ. ಮುಂದುವರಿಸುವ ಮೊದಲು ಮತ್ತು ನಡುನಡುವೆ ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಆಗಲೇಬೇಕು. ವಾಂತಿ, ಊಟ ಬಿಡುವುದು, ಟಾರಿನಂತೆ ಕಪ್ಪಾದ ಮಲ ಕಂಡರೆ ಆ ದಿನವೇ ನಿಲ್ಲಿಸಿ ಫೋನ್ ಮಾಡಿ. ಚರ್ಮದ ತುರಿಕೆಗೆಂದು ಬೇರೊಬ್ಬ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬರೆದಿದ್ದರೆ ಎರಡನ್ನೂ ಒಟ್ಟಿಗೆ ಕೊಡಲೇಬಾರದು.

ಪ್ರಶ್ನೆ: ಗ್ಲುಕೋಸಮೈನ್ ಮಾತ್ರೆ, ಎಣ್ಣೆ ಮಾಲೀಶು ಉಪಯೋಗವಾಗುತ್ತದೆಯೇ? – ಮೈಸೂರಿನ ಓದುಗರು

ಉತ್ತರ: ಗ್ಲುಕೋಸಮೈನ್‌ಗೆ ಗಟ್ಟಿ ಆಧಾರವಿಲ್ಲ, ದುಡ್ಡು ಖರ್ಚು ಮಾಡುವುದಾದರೆ ಮೀನೆಣ್ಣೆಗೆ ಮಾಡಿ. ಕೈಯಿಂದ ಮೃದುವಾಗಿ ನೀವುವುದು ಹಿತವೇ, ಆದರೆ ಮನುಷ್ಯರ ನೋವಿನೆಣ್ಣೆ, ಮುಲಾಮು ಬೇಡ. ಹಚ್ಚಿದ ಐದು ನಿಮಿಷಕ್ಕೆ ಅದು ನಾಯಿಯ ನಾಲಿಗೆಯ ಮೇಲಿರುತ್ತದೆ.

ಪ್ರಶ್ನೆ: ನಮ್ಮ ನಾಟಿ ನಾಯಿಗೆ ಮೂರೇ ವರ್ಷ. ಒಂದು ದಿನ ಮುಂಗಾಲು, ಇನ್ನೊಂದು ದಿನ ಹಿಂಗಾಲು ಕುಂಟುತ್ತದೆ, ಮೈ ಬಿಸಿಯಿದೆ. ಇದೂ ಸಂಧಿವಾತವೇ? – ಹಾಸನದ ಓದುಗರು

ಉತ್ತರ: ಸವೆತದ ಸಂಧಿವಾತ ಹೀಗೆ ಕಾಲಿನಿಂದ ಕಾಲಿಗೆ ತಿರುಗುವುದಿಲ್ಲ, ಜ್ವರವನ್ನೂ ತರುವುದಿಲ್ಲ. ನಮ್ಮ ಕಡೆ ಇಂಥ ಚಿಹ್ನೆ ಕಂಡರೆ ಮೊದಲ ಅನುಮಾನ ರಕ್ತ ಹೀರುವ ಉಣ್ಣಿಯಿಂದ (ಉಣುಗು) ಹರಡುವ ಎರ್ಲಿಕಿಯಾ ಸೋಂಕಿನ ಮೇಲೆ; ಅದರಲ್ಲಿ ಕೀಲುಗಳು ಉರಿಯೂತದಿಂದ ಬಾಧಿತವಾಗುವುದುಂಟು. ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಕತ್ತುಪಟ್ಟಿಯ ಅಡಿ ಹುಡುಕಿ ನೋಡಿ. ಉಣ್ಣಿ ಸಿಗದಿದ್ದರೂ ನೋವಿನ ಮಾತ್ರೆ ಶುರು ಮಾಡುವ ಮೊದಲೇ ಪ್ಲೇಟ್‌ಲೆಟ್ ಎಣಿಕೆಯೂ ಸೇರಿದಂತೆ ರಕ್ತಪರೀಕ್ಷೆ ಮಾಡಿಸಿ.