ಫೋಮ್ ಇಲ್ಲದೆ, ತೋಟದಲ್ಲಿ ಸಿಗುವುದರಲ್ಲೇ ಮದುವೆ ಮನೆಗೆ ಹೂವಿನ ಅಲಂಕಾರ ಮಾಡುವುದು ಹೇಗೆ?

ಏಪ್ರಿಲ್‌ನಲ್ಲಿ ಶಿರಸಿ ಹತ್ತಿರದ ನಿಮ್ಮ ಊರ ಮನೆ ಅಂಗಳದಲ್ಲೇ ಮದುವೆ, ಹೂವಿನ ದಂಟು ಚುಚ್ಚಿ ನಿಲ್ಲಿಸುವ ಹಸಿರು ಫೋಮ್ ಬೇಡ, ಪೇಟೆ ಹೂವೂ ಜಾಸ್ತಿ ಬೇಡ ಅಂತ ಬರೆದಿದ್ದೀರಿ. ನಾನು ಈ ಕಡೆಯ ಮನೆಗಳ ಕಾರ್ಯಗಳಿಗೆ ಅಲಂಕಾರ ಮಾಡಿಕೊಡುತ್ತೇನೆ. ಬಾಳೆ, ಅಡಿಕೆ ಎರಡು ಇದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ಫೋಮ್ ಬಿಟ್ಟದ್ದು ಒಳ್ಳೆಯದೇ ಆಯಿತು. 1954ರ ಸುಮಾರಿಗೆ ಅಮೆರಿಕದಲ್ಲಿ ಶುರುವಾದ ವಸ್ತು ಅದು, ಒಂದು ಜಾತಿಯ ಪ್ಲಾಸ್ಟಿಕ್. ಕೊಳೆಯುವುದಿಲ್ಲ, ಪುಡಿಯಾಗಿ ಮಣ್ಣಿಗೆ ಸೇರುತ್ತದೆ ಅಷ್ಟೇ. ಅದರ ಜಾಗಕ್ಕೆ ಬಾಳೆ ಕಂಬ ಸಾಕು. ಕೊನೆ ಕೊಯ್ದ ಮೇಲೆ ಹೇಗೂ ಕಡಿದು ಹಾಕುತ್ತೀರಿ, ಅಲ್ವಾ? ಅದರ ತೂಕದಲ್ಲಿ ಶೇಕಡಾ 90ರಷ್ಟು ನೀರೇ. ಪಟ್ಟೆಗಳ ಒಳಗೆ ಸಣ್ಣ ಸಣ್ಣ ಗೂಡು ಇರುವುದರಿಂದ ಚುಚ್ಚಿದ ದಂಟು ಅಲ್ಲಾಡದೆ ನಿಲ್ಲುತ್ತದೆ. ಗೇಣುದ್ದದ ತುಂಡು ಮಾಡಿ, ತಳ ಸಮ ಕೊಯ್ದು, ಸ್ವಲ್ಪ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ. ಮೆತ್ತಗಿನ ದಂಟನ್ನು ಸೀದಾ ಚುಚ್ಚಿದರೆ ಮುರಿಯುತ್ತದೆ. ಮೊದಲು ಬಿದಿರು ಕಡ್ಡಿಯಲ್ಲಿ ತೂತು ಮಾಡಿ, ದಂಟಿನ ತುದಿ ಓರೆಯಾಗಿ ಕೊಯ್ದು, ಆಮೇಲೆ ಒಳಗೆ ತಳ್ಳಿ. ಕಂಬ ಹಿಂದಿನ ದಿನವೇ ಕಡಿದಿಡಿ, ಸೊನೆ ಸೋರುವುದು ಕಡಿಮೆ ಆಗಿರುತ್ತದೆ. ಬಾಳೆ ಸೊನೆ ಬಟ್ಟೆಗೆ ಹತ್ತಿದರೆ ಕಲೆ ಹೋಗುವುದೇ ಇಲ್ಲ, ಹಾಗಾಗಿ ಈ ಕೆಲಸ ಎಲ್ಲ ಹಳೇ ಬಟ್ಟೆಯಲ್ಲೇ ಮುಗಿಸಿ.

ಇನ್ನು ಅಡಿಕೆ ಸಿಂಗಾರ, ಅಂದರೆ ಅಡಿಕೆ ಮರದ ಹೂಗೊಂಚಲು. ನನ್ನ ಲೆಕ್ಕದಲ್ಲಿ ಮಂಟಪಕ್ಕೆ ಇದಕ್ಕಿಂತ ಚೆಂದದ್ದು ಇಲ್ಲ. ಒಡೆಯುವುದಕ್ಕೆ ತಯಾರಾದದ್ದನ್ನು ಹೊದಿಕೆ ಸಮೇತ ತಂದಿಟ್ಟು, ಮದುವೆ ದಿನ ಬೆಳಿಗ್ಗೆಯೇ ಬಿಡಿಸಿ. ಒಳಗಿನಿಂದ ಕೆನೆ ಬಣ್ಣದ ಎಳೆಗಳು ಒಂದರ ಮೇಲೊಂದು ಒತ್ತಿಕೊಂಡು ಹೊರಗೆ ಬರುತ್ತವೆ, ಕೈಯಲ್ಲಿ ನಿಧಾನಕ್ಕೆ ಬಿಡಿಸಿದರೆ ಚಾಮರದ ಹಾಗೆ ಇಳಿಯುತ್ತವೆ, ಘಮವೂ ಇರುತ್ತದೆ. ಆದರೆ ಒಂದು ಸಿಂಗಾರ ಕೊಯ್ದರೆ ಒಂದು ಕೊನೆ ಅಡಿಕೆ ಹೋಯಿತು ಅಂತಲೇ ಲೆಕ್ಕ. ಮಂಟಪದ ಎರಡು ಬದಿಗೆ ಒಂದೊಂದು ಇಡಿ, ಸಾಕು. ಉದುರಿ ಬಿದ್ದ ಅಡಿಕೆ ಹಾಳೆಗೆ ಮಾತ್ರ ಖರ್ಚೇ ಇಲ್ಲ. ನೀರಲ್ಲಿ ನೆನೆಸಿದರೆ ಹೇಳಿದ ಹಾಗೆ ಬಾಗುತ್ತದೆ, ದೋಣಿ ಥರ ಮಡಚಿ ಎರಡು ತುದಿಗೆ ಬಾಳೆ ನಾರು ಬಿಗಿದರೆ ಹೂವಿಡುವ ಪಾತ್ರೆ ತಯಾರು.

ಹೂವು ಕಡಿಮೆ, ಎಲೆ ಜಾಸ್ತಿ ಇರಲಿ. ಮೂರು ಪಾಲು ಎಲೆ, ಒಂದು ಪಾಲು ಹೂವು ಅಂತಿಟ್ಟುಕೊಳ್ಳಿ. ಕಾಳುಮೆಣಸಿನ ಬಳ್ಳಿ, ಯಾಲಕ್ಕಿ ಎಲೆ, ಕ್ರೋಟನ್ ಎಲ್ಲ ಆಗುತ್ತದೆ. ಜರಿಗಿಡದ ಎಲೆ ಮಾತ್ರ ಬೇಗ ಬಾಡುತ್ತದೆ, ಅದನ್ನು ಕೊಯ್ದ ಕೂಡಲೇ ಇಡೀ ಎಲೆ ಕೆಲವು ಗಂಟೆ ನೀರಲ್ಲಿ ಮುಳುಗಿಸಿಡಿ. ದಾಸವಾಳ ನೀರಿಗೆ ಹಾಕಿದರೂ ಹಾಕದಿದ್ದರೂ ಸಾಮಾನ್ಯವಾಗಿ ಒಂದೇ ದಿನದ ಹೂವು, ಸಂಜೆಗೆ ಮುದುಡುತ್ತದೆ. ಅದಕ್ಕೇ ಅದನ್ನು ತೆಂಗಿನ ಗರಿ ಕಡ್ಡಿಗೆ ಚುಚ್ಚಿ ನೀರಿಲ್ಲದ ಜಾಗದಲ್ಲೂ ಇಡಬಹುದು. ಸುರಗಿ ಸಿಕ್ಕರೆ ಬಿಡಬೇಡಿ, ಒಣಗಿದರೂ ಪರಿಮಳ ಹೋಗುವುದಿಲ್ಲ.

ಕಾರವಾರದ ಕಡೆ ನೆಂಟರಿದ್ದರೆ ಸಮುದ್ರದ ಅಲೆ ದಡಕ್ಕೆ ತಂದು ಹಾಕಿದ ಮರದ ತುಂಡು ಒಂದೆರಡು, ಹೂವು ಜೋಡಿಸುವುದಕ್ಕೆ ತರಿಸಿ. ಸಿಹಿನೀರಲ್ಲಿ ಕೆಲವು ದಿನ ನೆನೆಸಿ, ಮಧ್ಯೆ ಮಧ್ಯೆ ನೀರು ಬದಲಿಸಿ. ಉಪ್ಪು ಉಳಿದರೆ ಹೂವು ಬೇಗ ಬಾಡುತ್ತದೆ. ಕಾಡಿನ ಮರದ ಮೇಲಿರುವ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂವನ್ನು ಮಾತ್ರ ದಯವಿಟ್ಟು ಕೀಳಬೇಡಿ, ಯಾರಾದರೂ ತಂದುಕೊಡುತ್ತೇವೆ ಅಂದರೂ ಬೇಡ ಅನ್ನಿ.

ಹೂವು ಬೆಳಿಗ್ಗೆ ಬಿಸಿಲೇರುವ ಮುಂಚೆ ಕೊಯ್ಯಿರಿ, ನೀರಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಿರಿ. ಮತ್ತೆ, ಊಟಕ್ಕೆ ತಂದ ಹಣ್ಣಾದ ಬಾಳೆ ಕೊನೆ ಇರುವ ಕೋಣೆಯಲ್ಲಿ ಹೂವಿನ ಬಕೆಟ್ ಇಡಬೇಡಿ. ಹಣ್ಣಿನಿಂದ ಎಥಿಲೀನ್ ಅನ್ನುವ ಅನಿಲ ಬರುತ್ತದೆ, ರಾತ್ರಿ ಕಳೆಯುವುದರೊಳಗೆ ಎಷ್ಟೋ ಹೂವು ಸೊರಗಿರುತ್ತವೆ.