ಡೊಂಬಿವ್ಲಿ ಮನೆಗೆ ಹಳೆ ಸರ್ವರ್ ಬೇಕಾ?

ಮುಂಬೈಯ ಕಂಪ್ಯೂಟರ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಝಿಯಾನ್ ಇ5-2680 ವಿ4 (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಇರೋ ಸರ್ವರ್ ಅಗ್ಗಕ್ಕೆ ಸಿಗ್ತಿದೆ, ಅದನ್ನು ತಗೊಳ್ಳಲಾ ಅಥವಾ ಹೊಸ ರೈಝನ್ 7 5700ಎಕ್ಸ್ (ಎಎಂಡಿಯ ಡೆಸ್ಕ್‌ಟಾಪ್ ಪ್ರೊಸೆಸರ್) ಹಾಕಿಸಲಾ ಅಂತ ಕೇಳಿದ್ದೀರಿ. ಕೆಲಸ ಅಕೌಂಟ್ಸ್ ಮತ್ತು ಬ್ಯಾಕಪ್, ದಿನವಿಡೀ ಆನ್. ರೈಝನ್ನೇ ತಗೊಳ್ಳಿ ಸರ್.

ಝಿಯಾನ್‌ಗೆ 14 ಕೋರ್ (ಒಟ್ಟಿಗೆ ಲೆಕ್ಕ ಮಾಡೋ ಭಾಗಗಳು) ಇದೆ ನಿಜ, ಆದ್ರೆ ಅದು 2016ರ ಮಾಲು, ಟಿಡಿಪಿ (ಬಿಸಿಯ ಅಂದಾಜು) 120 ವಾಟ್. ರೈಝನ್‌ಗೆ 8 ಕೋರ್, 65 ವಾಟ್. ಒಂದೊಂದು ಕೋರ್ ಲೆಕ್ಕದಲ್ಲಿ ರೈಝನ್ ಬಹಳ ಚುರುಕು. ಅಕೌಂಟ್ಸ್‌ಗೆ ಬೇಕಿರೋದೂ ಅದೇ ಅಲ್ವಾ?

ಟಿಡಿಪಿ ಅಂದ್ರೆ ಬಿಲ್ ಅಲ್ಲ. ಕೂಲರ್ ಎಷ್ಟು ಬಿಸಿ ಹೊರಹಾಕಬೇಕು ಅನ್ನೋ ಅಂದಾಜು ಅಷ್ಟೇ. ಬಿಲ್ ನಿರ್ಧರಿಸೋದು ಇಡೀ ಡಬ್ಬ. ನನ್ನ ಹತ್ರ ಎರಡು ಪ್ರೊಸೆಸರ್ ಇರೋ ಹಳೆ ಸರ್ವರ್ ಇತ್ತು. ಪ್ಲಗ್ ಮೀಟರ್ ಹಾಕಿ ನೋಡಿದ್ರೆ ಸುಮ್ನೆ ಕೂತಿದ್ದಾಗಲೂ 130 ವಾಟ್! ತಿಂಗಳಿಗೆ ಸುಮಾರು 94 ಯೂನಿಟ್. ಈಗಿನ ಡೆಸ್ಕ್‌ಟಾಪ್ 40 ವಾಟ್, ಅಂದ್ರೆ 29 ಯೂನಿಟ್. ವ್ಯತ್ಯಾಸಾನ ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಅಗ್ಗದ ಸರ್ವರ್ ಎಷ್ಟು ದಿನ ಅಗ್ಗವಾಗಿ ಉಳಿಯುತ್ತೆ ಅಂತ ಗೊತ್ತಾಗುತ್ತೆ.

ಮೇ ತಿಂಗಳ ಸೆಕೆಯಲ್ಲಿ ನನ್ನ ಆ ಹಳೆ ಸರ್ವರಿನ ಸಣ್ಣ ಫ್ಯಾನ್‌ಗಳು ಮಿಕ್ಸಿ ಥರ ಕೂಗ್ತಿದ್ವು. ನಮ್ಮದು ಒಂದು ಬೆಡ್‌ರೂಮ್ ಮನೆ. ಹೆಂಡತಿ ರಾತ್ರಿ ಎದ್ದು ಸ್ವಿಚ್ ಆಫ್ ಮಾಡಿದ್ದೂ ಉಂಟು.

ಹತ್ತಾರು ವರ್ಚುವಲ್ ಮಷೀನ್ (ಒಂದೇ ಡಬ್ಬದೊಳಗೆ ಓಡೋ ಬೇರೆ ಬೇರೆ ಕಂಪ್ಯೂಟರ್), 256 ಜಿಬಿ ರ‍್ಯಾಮ್ ಬೇಕಿದ್ರೆ ಮಾತ್ರ ಸರ್ವರ್ ಕಡೆ ನೋಡಿ. ಅದರ ರಿಜಿಸ್ಟರ್ಡ್ (ಸರ್ವರ್‌ಗಂತಲೇ ಮಾಡಿದ) ರ‍್ಯಾಮ್ ತೆಗೆದು ರೈಝನ್ ಬೋರ್ಡಿಗೆ ಹಾಕೋಣ ಅಂದ್ಕೋಬೇಡಿ, ಕೆಲಸ ಮಾಡಲ್ಲ. ಕರೆಂಟ್ ಬಿಲ್ಲಲ್ಲಿ ಉಳಿದ ದುಡ್ಡಲ್ಲಿ ಒಳ್ಳೆ ಯುಪಿಎಸ್ ತಗೊಳ್ಳಿ.